ಕಲಂ ಒಂಬತ್ತು

ಕಾಡಿನ ನಕ್ಷೆಯನ್ನು ಅಂಗಳದಲ್ಲಿ ಹಾಸಿದ್ದೆವು,
ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ಆದರೂ ಕಾಳಿಗಂಡಕಿಯ ಗಾಳಿ ಅಂಚು ಎತ್ತಿ ಎತ್ತಿ
ಕೆಳಗೇನಿದೆ ಎಂದು ಇಣುಕುತ್ತಿತ್ತು.

ಹತ್ತು ವರ್ಷದ ಯೋಜನೆ. ಬರೆಯುವವಳು ನಾನು,
ವನ ಬಳಕೆದಾರರ ಸಮಿತಿಯ ಕಾರ್ಯದರ್ಶಿ,
ಅಕ್ಷರ ದುಂಡಗೆಂಬ ಒಂದೇ ಅರ್ಹತೆಗೆ.

ಒಂದನೇ ತುಂಡು ಉತ್ತೀಸ್:
ಜಾರುವ ಗುಡ್ಡಕ್ಕೆ ಅದರ ಬೇರು ಬೇಕು, ಮುಟ್ಟಬಾರದು.
ಎರಡರಲ್ಲಿ ಚಿಲೌನೆ, ಕಟುಸ್:
ಮಾಘದಲ್ಲಿ ನಾಲ್ಕೇ ದಿನ, ಮನೆಗೊಬ್ಬರು, ಒಣಗಿದ್ದು ಮಾತ್ರ.
ಮೂರನೆಯದು, ಸಸಿ ಪುಕ್ಕಟೆ ಸಿಕ್ಕಿತೆಂದು
ನಮ್ಮ ಅಪ್ಪಂದಿರು ನೆಟ್ಟ ಪೈನು;
ಅದರಡಿ ಹುಲ್ಲು ಹುಟ್ಟದು,
ಹಕ್ಕಿ ಕೂತರೂ ಹೊತ್ತು ಕೂರದು.
ನಾಲ್ಕನೆಯದಕ್ಕೆ ಜಗಳವಾಯಿತು.
‘ಆಮೇಲೆ’ ಎಂದು ಬರೆದೆ.

ಕಲಂ ಒಂಬತ್ತು ಒಂದೇ ಸಾಲು,
ನಾನೇ ಮೆಚ್ಚಿಕೊಂಡ ಸಾಲು:
ಕಾಡಿನೊಳಗೆ ಇದ್ದಿಲು ಸುಡತಕ್ಕದ್ದಲ್ಲ.
ಓದಿದೆ. ಕೈಗಳೆದ್ದವು. ಎಣಿಸುತ್ತಿದ್ದಾಗ

ಕಲ್ಲುಗೋಡೆಯ ಆಚೆ
(ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ,
ಬಾ ಎಂದೂ ಅಂದಿರಲಿಲ್ಲ)
ಧನ್‌ಸರಾ ಎದ್ದು ನಿಂತಳು, ಕಮ್ಮಾರರ ಕೇರಿಯವಳು.
ತಿದಿ ಒತ್ತೀ ಒತ್ತೀ ಅವಳ ಬಲಭುಜ
ಎಡಕ್ಕಿಂತ ಒಂದು ಹಿಡಿ ದಪ್ಪ.

“ಕಲಂ ಐದು ಇನ್ನೊಮ್ಮೆ ಓದಮ್ಮಾ.”
ಓದಿದೆ: ಕೊಡಲಿ ಒಯ್ಯಬಾರದು, ಕುಡುಗೋಲು ಒಯ್ಯಬಹುದು.
“ಕುಡುಗೋಲು ಯಾವ ಮರದಲ್ಲಿ ಬಿಡುತ್ತದೆ?”

ನಕ್ಕವರು ನಗು ಮುಗಿಸುವ ಮೊದಲೇ
ಸೊಂಟ ಮುಟ್ಟಿಕೊಂಡರು.
ಅಲ್ಲಿ ಸಿಕ್ಕಿಸಿದ ಒಂದೊಂದು ಬಾಗಿದ ಉಕ್ಕೂ
ಅವಳ ಗಂಡ ಬಿರ್ಖೆ ತಟ್ಟಿದ್ದು,
ವರ್ಷಕ್ಕೆರಡು ಪಾಥಿ ರಾಗಿಯ ಕೂಲಿಗೆ.

ಅಧ್ಯಕ್ಷರು, ಇಂದ್ರಜಿತ್ ಪುನ್, ಕೆಮ್ಮಿ
ದೊಡ್ಡ ಮನಸ್ಸು ಮಾಡಿದರು:
“ಪೈನು ಇದೆಯಲ್ಲ. ಬೇಕಾದಷ್ಟು ಕಡಿದುಕೊಳ್ಳಿ.”

“ಪೈನಿನ ಇದ್ದಿಲು ಜಾತ್ರೆಯ ಗೆಳೆತನ, ದಾಜು.
ಭಗ್ಗೆಂದು ಹೊತ್ತುತ್ತದೆ,
ಕಬ್ಬಿಣ ಕೆಂಪೇರುವ ಹೊತ್ತಿಗೆ ಎದ್ದು ಹೋಗಿರುತ್ತದೆ.
ನಮಗೆ ಬೇಕಾದ್ದು ಚಿಲೌನೆ. ಕೂತು ಉರಿಯುವಂಥದ್ದು.

ಮೊಣಕಾಲೆತ್ತರ ಬುಡ ಬಿಟ್ಟು ಕಡಿದರೆ
ಮುಂದಿನ ಮಳೆಗೇ ಚಿಗುರು.
ನಮ್ಮತ್ತೆ ಕಡಿದ ಬುಡಗಳಲ್ಲಿ
ನಾನು ಎರಡು ಸಲ ಕಡಿದಿದ್ದೇನೆ,
ರಾತ್ರಿ ಹೊತ್ತು, ಕಳ್ಳಿಯ ಹಾಗೆ.
ಹೋದ ವರ್ಷ ನೀವು ಟೇಪು ಹಿಡಿದು ಬಂದಿರಿ,
ಅವೇ ಮರ ಅಳೆದಿರಿ,
ಕಾಡು ಚೆನ್ನಾಗಿದೆ ಎಂದು ಬರೆದುಕೊಂಡಿರಿ.”

ದಂಡದ್ದು ಕಲಂ ಹದಿಮೂರು.
ಓದು ಎಂದು ಯಾರೂ ಹೇಳಲಿಲ್ಲ.

ಅವತ್ತು ನಿರ್ಣಯವಾಗಲಿಲ್ಲ. ಚಹಾ ಬಂತು.
ಗೋಡೆಯಾಚೆಗೆ ಲೋಟ ಹೋಯಿತೋ ಇಲ್ಲವೋ
ನಾನು ನೋಡಲಿಲ್ಲ.
ನೋಡಲಿಲ್ಲ ಎಂಬುದು ನಡಾವಳಿಯಲ್ಲಿಲ್ಲ.

ರಾತ್ರಿ ಕಲಂ ಒಂಬತ್ತನ್ನು ಅಳಿಸಿದೆ.
ಬರೆದೆ. ಅಳಿಸಿದೆ.
ಎಷ್ಟು ಮರ, ಯಾವ ತಿಂಗಳು, ಯಾವ ಓರೆಗೆ ಏಟು,
ದುಂಡಕ್ಷರಕ್ಕೆ ಏನು ಗೊತ್ತು?
ಆ ಜಾಗದಲ್ಲಿ ಹಾಳೆ ತೆಳುವಾಗಿ ತೆಳುವಾಗಿ
ಕೆಳಗಿದ್ದ ನಕ್ಷೆ ಕಾಣತೊಡಗಿತು:
ಎರಡನೇ ತುಂಡು, ಹಸಿರು ಪೆನ್ಸಿಲಿನಲ್ಲಿ.

ಬೆಳಿಗ್ಗೆ ಪುಸ್ತಕ ಹಿಡಿದು ಕುಲುಮೆಗೆ ಹೋದೆ.
ಬಿರ್ಖೆ ತಲೆ ಎತ್ತಲಿಲ್ಲ. ಇಕ್ಕಳದಲ್ಲಿ
ಯಾರದೋ ಕುಡುಗೋಲು, ಅರ್ಧ ಕೆಂಪು.
“ತಿದಿ ಬಿಟ್ಟರೆ ಹದ ಕೆಡುತ್ತದೆ,” ಧನ್‌ಸರಾ ಅಂದಳು,
“ಒತ್ತುತ್ತಲೇ ಹೇಳುತ್ತೇನೆ, ಬರೆದುಕೋ.”

ಬರೆಯಲು ಹೋದರೆ
ಪುಟ ಪಟಪಟ, ಅಕ್ಷರ ಸೊಟ್ಟ.
ನಾನು ಇನ್ನೂ ಹೊಸ್ತಿಲ ಹೊರಗೇ ಇದ್ದೆ.

“ಅಲ್ಲಿ ಗಾಳಿ,” ಎಂದಳು,
“ಒಳಗೆ ಬಾ.”